ಹನ್ನೊಂದು ಪುಸ್ತಕಗಳ ಹೇಡಿಗಳು

ಸೆಪ್ಟೆಂಬರ್ 1, ಸೋಮವಾರ

ಮೊದಲು ಕ್ಷಮೆ. ಯಾರನ್ನು ಕೇಳುತ್ತಿದ್ದೇನೋ ನನಗೇ ಗೊತ್ತಿಲ್ಲ, ಆದರೂ ಕೇಳಿಬಿಡುತ್ತೇನೆ. ಹನ್ನೆರಡು ವರ್ಷ ಹಾಸ್ಟೆಲ್ ಸ್ಕೂಲಿನಲ್ಲಿ ಬೆಳೆದವಳು ಡೈರಿ ಬರೆಯಲು ಹೋಗಬಾರದು. ಅಲ್ಲಿ ನಮ್ಮ ಡೈರಿಯನ್ನು ಮ್ಯಾಟ್ರನ್ ಓದುತ್ತಿದ್ದರು. ಭಾನುವಾರ ಮನೆಗೆ ಬರೆಯುವ ಕಾಗದವನ್ನೂ ಓದಿ, ತಿದ್ದಿ, ಮೂಲೆಯಲ್ಲಿ ಕೆಂಪು ಇಂಕಿನಲ್ಲಿ ‘ಗುಡ್’ ಎಂದು ಹಾಕಿದ ಮೇಲೆಯೇ ಅದು ಅಮ್ಮನಿಗೆ ಹೋಗುತ್ತಿತ್ತು. ಹಾಗಾಗಿ ನನಗೆ ಸರಾಗವಾಗಿ ಬರುವುದು ಎರಡೇ ವಾಕ್ಯ: ನಾನು ಚೆನ್ನಾಗಿದ್ದೇನೆ, ಊಟ ಚೆನ್ನಾಗಿದೆ. ಇಂಗ್ಲಿಷಿನಲ್ಲಿ ಬರೆದರೆ ಎಲ್ಲವೂ ಪರೀಕ್ಷೆಯ ಉತ್ತರದಂತೆ ಕಾಣುತ್ತದೆ. ಅಮ್ಮನ ಭಾಷೆಯಲ್ಲಿ ಬರೆದರೆ ತಪ್ಪಾಗುತ್ತದೆ. ತಪ್ಪಾದರೂ ಪರವಾಗಿಲ್ಲ ಎಂದು ಇದರಲ್ಲೇ ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಮಾತ್ರ ಹಾಕುವುದಿಲ್ಲ. ಅದು ಮ್ಯಾಟ್ರನ್ ಕಲಿಸಿದ ಪಾಠ.

ಸೆಮಿನಾರ್ ಮೇಡಂ ಇವತ್ತು ವಿಷಯ ಕೊಟ್ಟರು: ಸಾಹಿತ್ಯದಲ್ಲಿ ಧೈರ್ಯವನ್ನು ಹೇಗೆ ತೋರಿಸುತ್ತಾರೆ. ಎಲ್ಲರಿಗೂ ಇದೇ. ಮೊದಲ ವರ್ಷದಲ್ಲಿ ನಾವು ಇಪ್ಪತ್ತು ಜನ ಇದ್ದೇವೆ. ಈ ಸೆಮಿನಾರಿನ ಅಂಕ ನೋಡಿ ಸಾಹಿತ್ಯದ ಕ್ಲಾಸಿನಲ್ಲಿ ಉಳಿಸಿಕೊಳ್ಳುವುದು ಹನ್ನೆರಡು ಜನರನ್ನು. ಉಳಿದ ಎಂಟು ಜನ ಜನರಲ್ ಕೋರ್ಸಿಗೆ. ಜನರಲ್ ಕೋರ್ಸಿಗೆ ಹೋಗುವುದಾದರೆ ಮನೆಗೇ ಬಾ ಎಂದು ಅಪ್ಪ ಮೊದಲೇ ಹೇಳಿದ್ದಾರೆ. ಅಪ್ಪ ಕೂಗಾಡುವವರಲ್ಲ. ಬಸ್ಸಿನ ಟೈಮ್ ಹೇಳುವ ಧ್ವನಿಯಲ್ಲೇ ಹೇಳಿದರು.

ಇನ್ನು ಡಿಪಾರ್ಟ್‌ಮೆಂಟಿನ ಹಳೇ ಪದ್ಧತಿಯೊಂದಿದೆ. ಬರೆದವರು ತಮ್ಮ ಪೇಪರನ್ನು ತಾವು ಓದುವಂತಿಲ್ಲ. ಇಬ್ಬಿಬ್ಬರ ಜೋಡಿ ಮಾಡುತ್ತಾರೆ. ನನ್ನದನ್ನು ಅವನು ಓದಬೇಕು, ಅವನದನ್ನು ನಾನು. ಬರೆದವರು ಮುಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿಕೊಂಡು ಕೇಳಬೇಕು.

“ನಿಮ್ಮ ವಾಕ್ಯ ಇನ್ನೊಬ್ರ ಬಾಯಲ್ಲಿ ನಿಲ್ಲುತ್ತಾ, ಮುಗ್ಗರಿಸುತ್ತಾ ಅಂತ ಅಲ್ಲೇ ಗೊತ್ತಾಗುತ್ತೆ” ಎಂದರು ಮೇಡಂ. ಅಂಕ ಜೋಡಿಗೆ. ಇಬ್ಬರಿಗೂ ಒಂದೇ.

ನನಗೆ ಸಿಕ್ಕವನು ಡಿಟ್ಟೊ. ಕ್ಯಾಂಟೀನಿನಲ್ಲಿ ಮುಂದಿನವರು ಏನು ತೆಗೆದುಕೊಂಡರೂ “ಅದೇ” ಎನ್ನುತ್ತಾನೆಂದು ಕ್ಲಾಸಿನವರು ಇಟ್ಟ ಹೆಸರು. ಆರು ವಾರವಾಯಿತು, ಅವನು ಒಂದು ಪೂರ್ತಿ ವಾಕ್ಯ ಆಡಿದ್ದನ್ನು ನಾನು ಕೇಳಿಲ್ಲ. ಇಷ್ಟು ಮೌನವಾಗಿರುವವರ ಮೇಲೆ ನನಗೆ ನಂಬಿಕೆ ಇಲ್ಲ. ನಾನೂ ಮೌನವಾಗಿರುವವಳೇ. ಒಳಗೆ ಏನೇನು ನಡೆಯುತ್ತಿರುತ್ತದೆಂದು ನನಗೆ ಗೊತ್ತು.

ಸೆಪ್ಟೆಂಬರ್ 3, ಬುಧವಾರ

ಡಿಟ್ಟೊನನ್ನು ಗಮನಿಸಿದೆ. ಬೇಸಿಕಲಿ, ಬೇಹುಗಾರಿಕೆ ಮಾಡಿದೆ.

ಅಟೆಂಡೆನ್ಸ್ ಕರೆಯುವಾಗ ಎಲ್ಲರೂ “ಪ್ರೆಸೆಂಟ್” ಎನ್ನುತ್ತಾರೆ, ಅವನು ಕೈ ಎತ್ತುತ್ತಾನೆ. ಅದೂ ಪೂರ್ತಿ ಎತ್ತುವುದಿಲ್ಲ. ಟ್ಯಾಕ್ಸಿ ನಿಲ್ಲಿಸುವವನಂತೆ ಎರಡು ಬೆರಳು. ದೊಡ್ಡ ಮನುಷ್ಯ. ಕ್ಯಾಂಟೀನಿನಲ್ಲಿ ಅವನ ಹಿಂದೆಯೇ ನಿಂತೆ. ಅವನ ಮುಂದಿದ್ದವಳು ಕಾಫಿ, ಬನ್ ಅಂದಳು. ಇವನು “ಅದೇ” ಅಂದ. ಆಮೇಲೆ ನೋಡಿದರೆ ಕಾಫಿಯನ್ನು ಮುಟ್ಟಲೇ ಇಲ್ಲ. ಕುಡಿಯದ ಕಾಫಿಯನ್ನು ಯಾಕೆ ತೆಗೆದುಕೊಳ್ಳಬೇಕು?

ರೂಮ್‌ಮೇಟ್‌ಗೆ ಹೇಳಿದೆ. ಅವಳು ಎರಡನೇ ವರ್ಷದ ಬಾಟನಿ. ಹಾಸಿಗೆಯ ಕೆಳಗೆ ಪೇಪರಿನ ನಡುವೆ ಎಲೆಗಳನ್ನು ಒಣಗಿಸುತ್ತಾಳೆ. ರೂಮೆಲ್ಲ ಹುಲ್ಲಿನ ವಾಸನೆ.

“ಕುಡೀಲಿಲ್ಲ ಅಂದ್ರೆ ಇಷ್ಟ ಆಗ್ಲಿಲ್ಲ ಅಂತ ಕಣೆ.”

“ಇಷ್ಟ ಇಲ್ದೇ ಇರೋದನ್ನ ಕೇಳಿ ಯಾಕೆ ತಗೋತಾನೆ?”

“ನಿನ್ನ ಡೌಟಿಗೆ ಒಂದು ಹೊದಿಕೆ ಹೊದಿಸಿ ಸ್ವಲ್ಪ ಹೊತ್ತು ಮಲಗಿಸಮ್ಮ. ಪಾಪ, ಅದಕ್ಕೂ ಸುಸ್ತಾಗಿರುತ್ತೆ.”

ನಕ್ಕೆ. ಆದರೆ ಡೌಟ್ ಮಲಗಲಿಲ್ಲ. ಬೇರೆಯವರದ್ದನ್ನು ಎತ್ತಿಕೊಳ್ಳುವುದೇ ಅವನ ಅಭ್ಯಾಸವಾಗಿದ್ದರೆ? ಮುಂದಿನ ವಾರ ನನ್ನ ಪೇಪರ್ ಅವನ ಕೈಯಲ್ಲಿರುತ್ತದೆ.

ಸೆಪ್ಟೆಂಬರ್ 6, ಶನಿವಾರ

ಇವತ್ತು ನನಗೆ ಒಂದು ದೊಡ್ಡ ಪಾಯಿಂಟ್ ಸಿಕ್ಕಿತು.

ಲೈಬ್ರರಿಯಿಂದ ಹನ್ನೊಂದು ಪುಸ್ತಕ ತಂದಿದ್ದೆ. ಸೇತುವೆ ಕಾಯುವ ಸಿಪಾಯಿ, ಮುಳುಗುವ ಹಡಗಿನ ಅಡುಗೆಯವನು, ಗಣಿಯಲ್ಲಿ ಸಿಕ್ಕಿಕೊಂಡ ನಾಲ್ವರು, ಕೋರ್ಟಿನಲ್ಲಿ ಗಂಡನ ವಿರುದ್ಧ ಸಾಕ್ಷಿ ಹೇಳುವ ಹೆಂಗಸು, ಹೀಗೆ. ಧೈರ್ಯವಂತರು ಬರುವ ಪುಟಗಳಿಗೆ ನೀಲಿ ಚೀಟಿ ಅಂಟಿಸುತ್ತಾ ಹೋದೆ. ಎಲ್ಲರೂ ಒಂದೇ ಥರ. ಮಾಡುವ ಮೊದಲು ಒಂದು ಚೊಕ್ಕ ಮಾತು ಆಡುತ್ತಾರೆ. ಗುಂಡು ತಗಲಿದ ಮೇಲೂ ವಾಕ್ಯ ಮುಗಿಸುತ್ತಾರೆ. ನಾನಾಗಿದ್ದರೆ ಕರ್ತೃಪದ ಹೇಳುವಷ್ಟರಲ್ಲೇ ಸತ್ತಿರುತ್ತಿದ್ದೆ.

ಆಮೇಲೆ ಹೇಡಿಗಳಿಗೆ ಹಳದಿ ಚೀಟಿ ಅಂಟಿಸಿದೆ. ಹನ್ನೊಂದು ಪುಸ್ತಕಗಳ ಪೈಕಿ ಒಂಬತ್ತರಲ್ಲಿ ಹೇಡಿ ತೊದಲುತ್ತಾನೆ. ಸೇತುವೆ ಬಿಟ್ಟು ಓಡುವವನು ತೊದಲುತ್ತಾನೆ. ಸುಳ್ಳು ಸಾಕ್ಷಿ ತೊದಲುತ್ತಾನೆ. ಅಡುಗೆಯವನನ್ನು ಬಿಟ್ಟು ದೋಣಿ ಹತ್ತುವ ಅಧಿಕಾರಿಯ ಮಾತಿನ ತುಂಬ ಚುಕ್ಕಿ ಚುಕ್ಕಿ. ಇದನ್ನು ಯಾರೂ ನೋಡಿಲ್ಲವೆಂದು ಕಾಣುತ್ತದೆ. ಪೇಪರಿನಲ್ಲಿ ಹೀಗೆ ಬರೆದೆ: “ಸತ್ಯ ತನ್ನ ಕಡೆ ಇದೆ ಎಂದು ಗೊತ್ತಿರುವವನ ಮಾತು ತಡವರಿಸುವುದಿಲ್ಲ. ಲೇಖಕ ಒಬ್ಬನನ್ನು ತೊದಲಿಸಿದ ಕೂಡಲೇ ತೀರ್ಪು ಮುಗಿಯಿತು. ಭಯವನ್ನು ತೋರಿಸಲು ಇದಕ್ಕಿಂತ ಪ್ರಾಮಾಣಿಕವಾದ ಸಾಧನ ಕಥೆಗಾರನ ಬಳಿ ಇಲ್ಲ.”

ನಾಲ್ಕು ಸಲ ಓದಿದೆ. ನಾನೇ ಬರೆದೆನಾ ಎಂದು ಡೌಟ್ ಬಂತು. ಒಳ್ಳೆಯ ಡೌಟ್.

ಸೆಪ್ಟೆಂಬರ್ 8, ಸೋಮವಾರ

ಪೇಪರುಗಳನ್ನು ಅದಲು ಬದಲು ಮಾಡಿಕೊಂಡೆವು. ಅವನು ನನ್ನದನ್ನು ಬ್ಯಾಗಿಗೆ ಹಾಕಿ, ತನ್ನದನ್ನು ಕೊಟ್ಟು, ಎರಡು ಬೆರಳೆತ್ತಿ ಹೊರಟುಬಿಟ್ಟ.

ಅವನದನ್ನು ಮಧ್ಯಾಹ್ನ ಕಾರಿಡಾರಿನ ಕಿಟಕಿಯ ಬಳಿ ಓದಿದೆ. ಮುಗಿಸಿ ಮತ್ತೆ ಮೊದಲ ಪುಟಕ್ಕೆ ಹೋದೆ. ಅಷ್ಟು ಚೆನ್ನಾಗಿದೆ.

ಕಥೆಗಳಲ್ಲಿ ಧೈರ್ಯ ಒಂದು ಸಲ ಮಾತ್ರ ಬರುತ್ತದೆ, ಸಾಕ್ಷಿಗಳ ಎದುರಿಗೆ ಬರುತ್ತದೆ, ಬಂದ ಮೇಲೆ ಕಥೆ ಮುಗಿಯುತ್ತದೆ ಎನ್ನುತ್ತಾನೆ. ಸೇತುವೆಯ ಮೇಲೆ ಸತ್ತ ಸಿಪಾಯಿ ಮರುದಿನ ಬೆಳಗ್ಗೆ ಎದ್ದು ಮತ್ತೆ ಅದೇ ಸೇತುವೆಗೆ ಹೋಗಬೇಕಾಗಿಲ್ಲ. “ರೈಲ್ವೆ ಸ್ಟೇಷನ್ನಿನ ಟಿಕೆಟ್ ಕೌಂಟರಿನ ಸಾಲಿನಲ್ಲಿ, ತನ್ನ ಸರದಿ ಹತ್ತಿರವಾಗುತ್ತಿದ್ದಂತೆ ಬೆವರುತ್ತಾ ನಿಂತವನೊಬ್ಬನಿರುತ್ತಾನೆ. ಅವನು ಸಾಲು ಬಿಟ್ಟು ಹೋಗುವುದಿಲ್ಲ. ನಾಳೆಯೂ ಬರುತ್ತಾನೆ. ಅವನ ಬಗ್ಗೆ ಬರೆದ ಕಥೆಗಾರನನ್ನು ನಾನು ಇನ್ನೂ ಕಂಡಿಲ್ಲ.”

ಟಿಕೆಟ್ ತೆಗೆದುಕೊಳ್ಳಲು ಯಾರು ಬೆವರುತ್ತಾರೆ? ಅರ್ಥವೇ ಆಗಲಿಲ್ಲ, ಆದರೂ ಕುತ್ತಿಗೆಯ ಹಿಂದೆ ಜುಂ ಎಂದಿತು. “ಅದೇ” ಎಂದು ಮಾತ್ರ ಹೇಳುವವನು ಇದನ್ನು ಬರೆಯುತ್ತಾನೆಯೇ? ಯಾರದೋ ಹಳೆಯ ಪ್ರಬಂಧವಿರಬೇಕು. ವಿದೇಶದ್ದೂ ಇರಬಹುದು, ಇವನು ಭಾಷೆ ಬದಲಿಸಿರಬಹುದು.

ಸೆಪ್ಟೆಂಬರ್ 10, ಬುಧವಾರ

ನನ್ನ ಪೇಪರ್ ವಾಪಸ್ ಬಂತು. ತುಂಬ ಪೆನ್ಸಿಲ್ ಚುಕ್ಕಿ. ಪದಗಳ ಕೆಳಗೆ ಸಣ್ಣ ಸಣ್ಣ ಚುಕ್ಕಿ, ಮೇಲೆ ಬೇರೆ ಪದ. ‘ಧೈರ್ಯ’ದ ಮೇಲೆ ‘ಎದೆಗಾರಿಕೆ’. ‘ಕಥೆಗಾರ’ದ ಮೇಲೆ ‘ಲೇಖಕ’. ‘ಭಯ’ದ ಮೇಲೆ ‘ಅಂಜಿಕೆ’. ‘ಪಾತ್ರ’ ಬಂದಲ್ಲೆಲ್ಲ ‘ಆ ವ್ಯಕ್ತಿ’. ಇಂಥವು ಮೂವತ್ತೆಂಟು. ಎಣಿಸಿದೆ. ತೊದಲುವ ಹೇಡಿಗಳ ಪ್ಯಾರಾದ ಸುತ್ತ ಒಂದು ಚೌಕ, ಪಕ್ಕದಲ್ಲಿ ‘ಇದು ಬೇಕೇ?’

ನನ್ನ ಬೆಸ್ಟ್ ಪ್ಯಾರಾ. ಲೈಬ್ರರಿಯ ಮೆಟ್ಟಿಲಲ್ಲಿ ಹಿಡಿದು ನಿಲ್ಲಿಸಿದೆ.

“ಏನಿದು? ನೀನು ಓದ್ಬೇಕು ಅಷ್ಟೆ, ತಿದ್ದಬೇಕಂತ ಯಾರು ಹೇಳಿದ್ರು?”

ಅವನು ಪೇಪರ್ ನೋಡಿದ, ನನ್ನನ್ನು ನೋಡಿದ, ಆಮೇಲೆ ನನ್ನ ಭುಜದ ಹಿಂದಿನ ಗೋಡೆಯನ್ನು ನೋಡಿದ.

“ಆ ಪ್ಯಾರಾ ಯಾಕೆ ಬೇಡ? ಸುಳ್ಳಾ ಅದು?”

“ಅಲ್ಲ” ಎಂದ. ತುಟಿ ಬಿಗಿಯಾಯಿತು. ಕಣ್ಣು ಮುಚ್ಚಿದ. ನನ್ನನ್ನು ಸಹಿಸಿಕೊಳ್ಳಲು ದೇವರನ್ನು ಕೇಳುತ್ತಿರುವಂತೆ ಮುಖ ಮಾಡಿದ. ಆಮೇಲೆ ಜೇಬಿನಿಂದ ಪೆನ್ಸಿಲ್ ತೆಗೆದು ಪೇಪರಿನ ಅಂಚಿನಲ್ಲಿ ಬರೆದ: ‘ನಾನು ಓದುವುದು. ಸ್ವಲ್ಪ ಬದಲಿಸಿದರೆ ಸುಲಭ.’

ಎದುರಿಗೆ ನಿಂತವಳಿಗೆ ಚೀಟಿ ಬರೆಯುತ್ತಾನೆ. ಮಾತಾಡಲು ನಾನು ಅಷ್ಟೂ ಲಾಯಕ್ಕಿಲ್ಲವೇ? ಕೋಪಕ್ಕೆ ಕಣ್ಣಲ್ಲಿ ನೀರು ಬಂತು. ಅವನು ಅದನ್ನು ನೋಡಬಾರದೆಂದು ಮೆಟ್ಟಿಲು ಇಳಿದುಬಂದೆ.

ಸೆಪ್ಟೆಂಬರ್ 11, ಗುರುವಾರ

ಈಗ ಪ್ರೂಫ್ ಸಿಕ್ಕಿದೆ.

ಸಂಜೆ ನಮ್ಮ ಹಾಸ್ಟೆಲಿನ ವಾಚ್‌ಮನ್ ಒಂದು ಕವರ್ ಕೊಟ್ಟರು. ಒಳಗೆ ನನ್ನ ಪೇಪರನ್ನೇ ಅವನು ಪೂರ್ತಿ ಹೊಸದಾಗಿ ಬರೆದ ಪ್ರತಿ, ಅವನ ಪದಗಳ ಜೊತೆ. ಗೇಟಿನ ರಿಜಿಸ್ಟರಿನಲ್ಲಿ ಯಾರು ತಂದದ್ದೆಂದು ನೋಡಿದೆ. ಅಲ್ಲಿದ್ದ ಹೆಸರು ಡಿಟ್ಟೊನದಲ್ಲ. ಬೇರೆ ಯಾರದೋ.

“ಯಾರು ಬಂದಿದ್ರು?”

“ಎತ್ತರದ ಹುಡುಗ. ಕನ್ನಡಕ. ಭುಜಕ್ಕೆ ಹಸಿರು ಬ್ಯಾಗು.”

ಅವನೇ. ಸುಳ್ಳು ಹೆಸರು ಹೇಳಿದ್ದಾನೆ. ಕವರ್ ಕೊಡಲು ಬಂದವನಿಗೆ ಸುಳ್ಳು ಹೆಸರು ಯಾಕೆ ಬೇಕು? ರೂಮ್‌ಮೇಟ್ ಊಟಕ್ಕೆ ಕರೆದಳು, ಹೋಗಲಿಲ್ಲ.

ಸೆಪ್ಟೆಂಬರ್ 13, ಶನಿವಾರ

ಲೆಕ್ಕ ಹಾಕಿದೆ. ಸೆಮಿನಾರಿನ ದಿನ ಅವನ ಪೇಪರ್ ನಕಲು ಎಂದು ಸಿಕ್ಕಿಬಿದ್ದರೆ ನನ್ನ ಅಂಕವೂ ಹೋಗುತ್ತದೆ, ನನ್ನ ಸೀಟೂ ಹೋಗುತ್ತದೆ. ಮೊದಲೇ ತಿಳಿಸಿದರೆ ನನಗೆ ಬೇರೆ ಜೋಡಿ ಕೊಡುತ್ತಾರೆ. ಇದು ಚಾಡಿಯಲ್ಲ. ಇದು ಇನ್ಫರ್ಮೇಷನ್.

ಕಂಪ್ಯೂಟರ್ ರೂಮಿಗೆ ಹೋಗಿ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಟೈಪ್ ಮಾಡಿದೆ. ಕೈಬರಹ ಸಿಗಬಾರದು, ನನ್ನ ವಾಕ್ಯದ ರೀತಿಯೂ ಸಿಗಬಾರದು. ಈ ವಿದ್ಯಾರ್ಥಿ ತನ್ನ ಪೇಪರನ್ನು ತಾನು ಬರೆದಂತಿಲ್ಲ, ಸುಳ್ಳು ಹೆಸರಿನಲ್ಲಿ ಓಡಾಡುವ ಅಭ್ಯಾಸವಿದೆ, ದಯವಿಟ್ಟು ವಿಚಾರಿಸಿ. ಸಹಿ ಹಾಕಲಿಲ್ಲ. ಮಧ್ಯಾಹ್ನ ಯಾರೂ ಇಲ್ಲದಾಗ ಮೇಡಂ ರೂಮಿನ ಬಾಗಿಲ ಕೆಳಗೆ ತೂರಿಸಿದೆ. ಪೂರ್ತಿ ಒಳಗೆ ಹೋಗಲಿಲ್ಲ; ಸ್ಕೇಲಿನಿಂದ ತಳ್ಳಿದೆ.

ಹಾಸ್ಟೆಲ್ ಸ್ಕೂಲಿನಲ್ಲಿ ಇದೇ ರೀತಿ. ತಪ್ಪು ಕಂಡರೆ ಪೆಟ್ಟಿಗೆಗೆ ಚೀಟಿ ಹಾಕಿ ಎನ್ನುತ್ತಿದ್ದರು, ಹೆಸರು ಬೇಕಿಲ್ಲ. ಹಾಕಿದವರಿಗೆ ಒಂದು ಸ್ಟಾರ್. ಹೆಸರಿಲ್ಲದವರಿಗೆ ಸ್ಟಾರ್ ಹೇಗೆ ಕೊಡುತ್ತಿದ್ದರು? ಇದನ್ನು ಈಗ ಯೋಚಿಸುತ್ತಿದ್ದೇನೆ, ಆಗ ಯೋಚಿಸಿರಲಿಲ್ಲ.

ಸೆಪ್ಟೆಂಬರ್ 15, ಸೋಮವಾರ

ಕ್ಲಾಸ್ ಮುಗಿದ ಮೇಲೆ ಮೇಡಂ ಡಿಟ್ಟೊನನ್ನೂ ನನ್ನನ್ನೂ ಕರೆದು ಮೆಲ್ಲಗೆ ಹೇಳಿದರು. ಗುರುವಾರ ಮೂರು ಜನರ ಕಮಿಟಿ. ಅವನು ತನ್ನ ಪೇಪರಿನ ಬಗ್ಗೆ ಬಾಯಲ್ಲಿ ವಿವರಿಸಬೇಕು. ಜೋಡಿಯಾದ್ದರಿಂದ ನಾನೂ ಹೊರಗೆ ಕಾಯಬೇಕು, ಬೇಕಿದ್ದರೆ ಕರೆಯುತ್ತಾರಂತೆ.

‘ಬಾಯಲ್ಲಿ’ ಎಂದಾಗ ಅವನ ಮುಖ ನೋಡಿದೆ. ಬಿಳಿಚಿಕೊಂಡಿತು. ನೋಡು, ನನ್ನ ಊಹೆ ಸರಿ.

ಸೆಪ್ಟೆಂಬರ್ 16, ಮಂಗಳವಾರ

ಸರಿ ಇದ್ದರೆ ಊಟ ಯಾಕೆ ಸೇರುತ್ತಿಲ್ಲ?

ಸೆಪ್ಟೆಂಬರ್ 18, ಗುರುವಾರ

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಕಮಿಟಿ ರೂಮಿನ ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ಆ ಬಾಗಿಲಿನ ಚಿಲಕ ಸರಿಯಿಲ್ಲ, ಒಂದು ಗೇಣು ತೆರೆದೇ ಇರುತ್ತದೆ. ಒಳಗೆ ಸೆಮಿನಾರ್ ಮೇಡಂ, ಡಿಪಾರ್ಟ್‌ಮೆಂಟಿನ ಹೆಡ್, ಇನ್ನೊಬ್ಬರು ಕೋಟು ಹಾಕಿದವರು. ಮೊದಲು ಹೆಸರು ಕೇಳಿದರು.

ಸದ್ದೇ ಇಲ್ಲ. ಎದುರಿನ ನೋಟಿಸ್ ಬೋರ್ಡಿನ ಪಿನ್ನುಗಳನ್ನು ಎಣಿಸತೊಡಗಿದೆ. ಹದಿನೇಳಕ್ಕೆ ಬಂದಾಗ ಒಳಗಿನಿಂದ ಒಂದು ಶಬ್ದ. ನೀರಿಲ್ಲದ ನಲ್ಲಿ ತಿರುಗಿಸಿದರೆ ಪೈಪಿನೊಳಗೆ ಗಾಳಿ ತಡಕಾಡುತ್ತದಲ್ಲ, ಹಾಗೆ. ಅವನ ಹೆಸರಿನ ಮೊದಲ ಅಕ್ಷರ. ಮತ್ತೆ ಅದೇ ಅಕ್ಷರ. ಮತ್ತೆ ಅದೇ. ಅಕ್ಷರದಾಚೆ ಹೋಗಲಾಗುತ್ತಿಲ್ಲ.

“ಹೋಗ್ಲಿ, ಹೆಸರು ಇಲ್ಲಿದೆ” ಎಂದರು ಹೆಡ್. “ಈ ಟಿಕೆಟ್ ಕೌಂಟರ್ ವಿಷಯ ಎಲ್ಲಿಂದ ತಗೊಂಡೆ? ಅದನ್ನ ಹೇಳು.”

ಮತ್ತೆ ಆ ಗಾಳಿ. ಕುರ್ಚಿ ಕಿರುಗುಟ್ಟಿತು. ಕಾಲು ನೆಲಕ್ಕೆ ಬಡಿದ ಸದ್ದು.

“ಗಾಬರಿ ಬೇಡಪ್ಪ, ನಿಧಾನಕ್ಕೆ ಹೇಳು.” ಇದು ಮೇಡಂ.

“ಗಾಬರಿ ಯಾಕೆ ಮೇಡಂ? ತಾನೇ ಬರೆದಿದ್ರೆ ಹೇಳೋಕೇನು ಕಷ್ಟ? ಸತ್ಯ ಇದ್ದೋರು ಹೀಗೆ ತೊದಲ್ತಾರಾ?”

ನನ್ನ ವಾಕ್ಯ. ಹೆಡ್ ನನ್ನ ಪೇಪರ್ ಓದಿರಲಿಲ್ಲ. ಆದರೂ ಅವರ ಬಾಯಲ್ಲಿ ಅದು ಒಂದು ಕಡೆಯೂ ಮುಗ್ಗರಿಸಲಿಲ್ಲ.

ಕೋಟಿನವರು ಗಡಿಯಾರ ನೋಡಿರಬೇಕು. “ನೋಡು ತಮ್ಮಾ, ಬೇರೆ ಕಡೆಯಿಂದ ತಗೊಂಡದ್ದು ಅಂತ ಒಪ್ಕೊಂಡ್ರೆ ವಿಷಯ ಇಲ್ಲಿಗೇ ಮುಗೀತು, ಎದ್ದು ಹೋಗ್ಬಹುದು. ನಂದೇ ಅಂದ್ರೆ ಪೂರ್ತಿ ವಿವರಿಸ್ಬೇಕಾಗುತ್ತೆ. ಏನು, ತಗೊಂಡದ್ದೇ ತಾನೆ?”

“ಹೌದು” ಎಂದ ಡಿಟ್ಟೊ. ತಕ್ಷಣ. ಸ್ಪಷ್ಟವಾಗಿ. ಕ್ಯಾಂಟೀನಿನಲ್ಲಿ ಕುಡಿಯದ ಕಾಫಿ ಕೇಳಿದ ಹಾಗೆ.

ಹೊರಗೆ ಬಂದವನು ನನ್ನ ಮುಂದೆ ನಿಂತ. ಅಂಗಿಯ ಬೆನ್ನು ಒದ್ದೆ. ಬಾಗಿಲ ಕೆಳಗೆ ಚೀಟಿ ತೂರಿಸಿದ್ದು ಯಾರೆಂದು ಅವನಿಗೆ ಗೊತ್ತಿಲ್ಲ. ಜೇಬಿನಿಂದ ಪೆನ್ಸಿಲ್ ತೆಗೆದು ಬಸ್ ಟಿಕೆಟಿನ ಹಿಂದೆ ಬರೆದುಕೊಟ್ಟ: ‘ಸಾರಿ. ನಿನಗೆ ಬೇರೆ ಜೋಡಿ ಹುಡುಕಬೇಕಾಗುತ್ತದೆ.’

ನಾನು “ಪರವಾಗಿಲ್ಲ” ಎಂದೆ. ನನಗೆ ಒಂದಕ್ಷರವೂ ತಡವರಿಸಲಿಲ್ಲ.

ಸೆಪ್ಟೆಂಬರ್ 19, ಶುಕ್ರವಾರ

ಡಿಟ್ಟೊ ಕ್ಲಾಸಿಗೆ ಬಂದಿಲ್ಲ.

ರೂಮ್‌ಮೇಟ್ ಎಲೆಗಳನ್ನು ಹಾಳೆಗೆ ಅಂಟಿಸುತ್ತಿದ್ದಳು. ಅವಳ ಮುಂದೆ ನನ್ನ ಪೇಪರ್ ಇಟ್ಟು ಚುಕ್ಕಿಗಳನ್ನು ತೋರಿಸಿದೆ. ಏನೂ ಹೇಳಿಕೊಡಲಿಲ್ಲ; ನಾನೇ ಹುಚ್ಚಿಯೋ ಎಂದು ನೋಡಬೇಕಿತ್ತು. ಅವಳು ಎಲೆಯ ನರ ನೋಡುವ ಭೂತಗನ್ನಡಿ ಹಿಡಿದೇ ನೋಡಿದಳು.

“ಕ, ಪ, ಧ, ಭ. ಚುಕ್ಕಿ ಇಟ್ಟಿರೋದೆಲ್ಲ ಇವೇ ಶುರುವಲ್ಲಿ ಇರೋ ಪದ. ಬದಲಿಗೆ ಬಂದಿರೋದೆಲ್ಲ ಅ, ಎ, ಲ, ಆ. ಮೆತ್ತಗಿನವು.” ತಲೆ ಎತ್ತಿದಳು. “ಯಾರೇ ಇದು? ಗಟ್ಟಿ ಅಕ್ಷರ ಕಚ್ಚೋಕೆ ಆಗ್ದೇ ಇರೋರು ಮಾಡಿದ ಹಾಗಿದೆ.”

ಐದು ನಿಮಿಷವಾಗಲಿಲ್ಲ ಅವಳಿಗೆ. ನಾನು ಮೂವತ್ತೆಂಟು ಎಂದು ಎಣಿಸಿದವಳು.

ಕೆಳಗೆ ಹೋಗಿ ವಾಚ್‌ಮನ್‌ನನ್ನು ಕೇಳಿದೆ, ಅವತ್ತು ಆ ಹುಡುಗ ಹೆಸರು ಹೇಗೆ ಹೇಳಿದ ಎಂದು.

“ಎಲ್ಲಿ ಹೇಳ್ದ? ಪಾಪ, ಒದ್ದಾಡ್ದ. ಹಿಂದೆ ನಾಲ್ಕು ಜನ ನಿಂತಿದ್ರು, ಬೇಗ ಬೇಗ ಅಂತಿದ್ರು. ಕೊನೆಗೆ ಬಾಯಿಗೆ ಯಾವುದು ಬಂತೋ ಅದನ್ನ ಹೇಳ್ದ, ನಾನೂ ಬರ್ಕೊಂಡೆ. ನಮ್ಮ ಚಿಕ್ಕಪ್ಪನೂ ಹಾಗೇ ಕಣಮ್ಮ. ಫೋನಲ್ಲಿ ಯಾರು ಅಂತ ಕೇಳಿದ್ರೆ ತಮ್ಮನ ಹೆಸರು ಹೇಳಿಬಿಡ್ತಿದ್ದ. ತಮ್ಮನ ಹೆಸರು ಸುಲಭ.”

ಅಪರಿಚಿತರ ಮುಂದೆ ತನ್ನ ಹೆಸರನ್ನೇ ಬಿಟ್ಟುಕೊಡಬೇಕಾದವನು, ಇಪ್ಪತ್ತು ಜನರ ಮುಂದೆ ನಿಂತು ನನ್ನ ಆರು ಪುಟ ಓದಲು ಒಪ್ಪಿದ್ದ. ‘ಆಗುವುದಿಲ್ಲ’ ಎಂದು ಮೇಡಂಗೆ ಒಂದು ಚೀಟಿ ಕೊಡಬಹುದಿತ್ತು. ಕೊಡಲಿಲ್ಲ. ಸುಲಭವಾಗುವಂತೆ ಪದ ಬದಲಿಸಿ, ಕೈಯಾರೆ ಪೂರ್ತಿ ನಕಲು ತೆಗೆದುಕೊಂಡು ಬಂದಿದ್ದ. ತೊದಲುವವರೆಲ್ಲ ಹೇಡಿಗಳೆಂಬ ಪ್ಯಾರಾವನ್ನೂ ಬಿಡದೆ ಬರೆದಿದ್ದಾನೆ. ಈಗ ನೋಡಿದೆ. ಅಲ್ಲಿ ‘ತೊದಲು’ ಎಂಬ ಪದವನ್ನು ಮಾತ್ರ ಬದಲಿಸಿಲ್ಲ.

ಆ ಒಂಬತ್ತು ಪುಸ್ತಕಗಳನ್ನು ತೆಗೆದು ಹಳದಿ ಚೀಟಿಗಳಿದ್ದ ಪುಟಗಳನ್ನು ಮತ್ತೆ ಓದಿದೆ. ಈಗ ಬರೆದವರ ಮೇಲೇ ಡೌಟ್. ಒಬ್ಬರೂ ತೊದಲುವ ಯಾರನ್ನೂ ಕೇಳಿಲ್ಲ. ಒಬ್ಬರು ಇನ್ನೊಬ್ಬರಿಂದ ಎತ್ತಿಕೊಂಡಿದ್ದಾರೆ ಅಷ್ಟೆ. ನಾನು ಒಂಬತ್ತರಿಂದ ಎತ್ತಿಕೊಂಡು ಪಾಯಿಂಟ್ ಎಂದು ಕರೆದೆ.

ಸೆಪ್ಟೆಂಬರ್ 20, ಶನಿವಾರ

ಬೆಳಗ್ಗೆ ಮೇಡಂ ಮನೆಗೆ ಹೋದೆ. ಬಾಗಿಲ ಮುಂದಿನ ಹಗ್ಗಕ್ಕೆ ಬಟ್ಟೆ ಒಣಹಾಕುತ್ತಿದ್ದರು. ಬಾಯಲ್ಲಿ ಕ್ಲಿಪ್ಪು.

“ಆ ಟೈಪ್ ಮಾಡಿದ ಚೀಟಿ ನಂದು” ಎಂದೆ. ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡಿದ್ದ ಮಾತು ಅದಲ್ಲ.

ಅವರು ಕ್ಲಿಪ್ ತೆಗೆದರು. “ಒಳಗೆ ಬಾ.”

ಎಲ್ಲವನ್ನೂ ಹೇಳಿದೆ. ಚುಕ್ಕಿಗಳು, ಗೇಟು, ‘ಹೌದು’. ಅವರು ಟವೆಲನ್ನು ಮಡಚಿದರು, ಬಿಚ್ಚಿದರು.

“ನನಗೆ ಕಮಿಟಿಯಲ್ಲೇ ಅನುಮಾನ ಬಂತು. ನಾನೇ ಬಾಯಿ ಬಿಡಲಿಲ್ಲ” ಎಂದರು. ಆಮೇಲೆ, “ಈಗ ಕಷ್ಟ ಏನು ಗೊತ್ತಾ? ಅವನೇ ಒಪ್ಕೊಂಡಿದ್ದಾನೆ. ನೀನು ಏನು ಬರೆದುಕೊಟ್ರೂ ಸಾಲದು, ನಕಲು ಅಲ್ಲ ಅಂತ ಅವನೇ ಹೇಳಬೇಕು. ಸೋಮವಾರ ಬೆಳಗ್ಗೆ ಹತ್ತಕ್ಕೆ ಸೆಮಿನಾರಿನಲ್ಲಿ ಓದೋರ ಲಿಸ್ಟ್ ಹೋಗುತ್ತೆ, ಅದರಲ್ಲಿ ಅವನ ಹೆಸರಿಲ್ಲ; ಅಂದ್ರೆ ಸೀಟೂ ಇಲ್ಲ.”

“ಬರೆದುಕೊಡಬಹುದಾ? ಬಾಯಲ್ಲಿ ಅಲ್ಲದೆ?”

“ಒಂದೇ ಸಾಲು ಸಾಕು. ಅವನ ಕೈಬರಹದಲ್ಲಿ. ಉಳಿದ ಜಗಳ ನಾನು ಆಡ್ತೀನಿ, ಆಡಬೇಕಿತ್ತು. ಆದರೆ ನಿನ್ನ ಚೀಟಿ ಫೈಲಿನಲ್ಲಿದೆ. ಸುಳ್ಳು ದೂರು ಅಂತ ನಿನ್ನನ್ನೂ ಕರೀತಾರೆ. ನಿನ್ನ ಸೀಟಿನ ಗ್ಯಾರಂಟಿ ನಾನು ಕೊಡೋಕಾಗಲ್ಲ.”

ಅಲ್ಲೇ ಕೂತು ನಡೆದದ್ದನ್ನು ಬರೆದು ಸಹಿ ಹಾಕಿದೆ. ಅವರ ಪೆನ್ನು ಸರಿಯಿರಲಿಲ್ಲ, ಸಹಿಯ ಮೇಲೆ ಎರಡು ಸಲ ತಿದ್ದಬೇಕಾಯಿತು. ವಾಪಸ್ ಬರುವಾಗ ಡಿಟ್ಟೊಗೆ ಕಾಗದ ಹಾಕಿ ಕೊಡಲು ಕವರ್ ಕೊಳ್ಳೋಣವೆಂದರೆ ಅಂಗಡಿ ಮುಚ್ಚಿತ್ತು. ಕೊನೆಗೆ ರೂಮ್‌ಮೇಟ್ ಎಲೆ ಹಾಕುವ ಬ್ರೌನ್ ಕವರ್ ಕೊಟ್ಟಳು. ಅಪ್ಪನಿಗೆ ಫೋನ್ ಮಾಡಬೇಕು, ನಾಳೆ ಮಾಡುತ್ತೇನೆ.

ಹುಡುಗರ ಹಾಸ್ಟೆಲಿನಲ್ಲಿ ವಿಚಾರಿಸಿದೆ. ಡಿಟ್ಟೊ ರೂಮಿನಲ್ಲೇ ಇದ್ದಾನಂತೆ. ಬಾಗಿಲು ತೆಗೆಯುತ್ತಿಲ್ಲವಂತೆ. ಟ್ರಂಕ್ ಹೊರಗಿಟ್ಟಿದ್ದಾನಂತೆ.

ಸೆಪ್ಟೆಂಬರ್ 21, ಭಾನುವಾರ

ಐದು ಕಾಗದ ಹರಿದೆ. ಮೊದಲನೆಯದರಲ್ಲಿ ನಾನು ತುಂಬ ಒಳ್ಳೆಯವಳಾಗಿ ಕಾಣುತ್ತಿದ್ದೆ. ಎರಡನೆಯದರಲ್ಲಿ ತುಂಬ ಕೆಟ್ಟವಳು. ಅದೂ ಒಂದು ಥರ ಶೋ. ಆರನೆಯದನ್ನು ಕಳಿಸುತ್ತಿದ್ದೇನೆ. ಇವತ್ತೇ ಬೆಳಗ್ಗೆ ಹನ್ನೊಂದಕ್ಕೆ ಅವನ ಹಾಸ್ಟೆಲಿನ ಗೇಟಿನಲ್ಲಿ ಕೊಡುತ್ತೇನೆ. ಏನು ಹೇಳಿದ್ದೇನೆಂದು ಆಮೇಲೆ ನಾನೇ ಬದಲಿಸಿಕೊಳ್ಳಬಾರದು, ಅದಕ್ಕೆ ಇಲ್ಲಿ ನಕಲು.

“ನಿನ್ನ ಪೇಪರ್ ನಕಲು ಎಂದು ಮೇಡಂಗೆ ಬರೆದವಳು ನಾನು. ಸಹಿ ಹಾಕಿರಲಿಲ್ಲ. ಈಗ ಹಾಕಿದ್ದೇನೆ. ಯಾಕೆ ಬರೆದೆ ಎಂದರೆ, ನಿನ್ನ ಪೇಪರ್ ನನ್ನದಕ್ಕಿಂತ ಚೆನ್ನಾಗಿತ್ತು. ಮಾತಾಡದವನು ಹಾಗೆ ಬರೆಯಲಾರನೆಂದು ಅಂದುಕೊಂಡೆ. ಚುಕ್ಕಿಗಳು ಏನೆಂದು ನನಗೆ ಗೊತ್ತಾಗಲಿಲ್ಲ. ಕೇಳಬಹುದಿತ್ತು, ಕೇಳಲಿಲ್ಲ. ಗುರುವಾರ ಬಾಗಿಲ ಹೊರಗೆ ಕೂತು ಎಲ್ಲ ಕೇಳಿಸಿಕೊಂಡೆ. ಆಗಲೂ ಎದ್ದು ಒಳಗೆ ಬರಲಿಲ್ಲ.

“ತೊದಲುವವರ ಪ್ಯಾರಾ ತೆಗೆದುಹಾಕಿಲ್ಲ. ತೆಗೆದರೆ ನಾನು ಹಾಗೆ ಬರೆದೇ ಇಲ್ಲವೆಂದಾಗುತ್ತದೆ. ಅದರ ಕೆಳಗೆ ಇನ್ನೊಂದು ಬರೆದಿದ್ದೇನೆ: ಒಂಬತ್ತು ಜನ ಲೇಖಕರು ಹೀಗೆ ಹೇಳಿದರು, ನಾನು ನಂಬಿದೆ, ನನ್ನಂತೆ ನಂಬಿದವರು ಒಂದು ರೂಮಿನಲ್ಲಿ ಕೂತು ಒಬ್ಬನನ್ನು ತಪ್ಪಿತಸ್ಥನೆಂದರು. ಅದು ಬೇಡವೆನ್ನಿಸಿದರೆ ಅದಕ್ಕೂ ಚೌಕ ಹಾಕು, ತೆಗೆಯುತ್ತೇನೆ. ನನ್ನ ಪೇಪರ್ ನೀನೇ ಓದಬೇಕೆಂದಿಲ್ಲ. ಓದುವೆಯಾದರೆ ಎಷ್ಟು ಹೊತ್ತು ಬೇಕಾದರೂ ತೆಗೆದುಕೊ. ಓದುವುದಕ್ಕಿದ್ದ ಟೈಮ್ ಲಿಮಿಟನ್ನು ಮೇಡಂ ನಿನ್ನೆ ತೆಗೆದಿದ್ದಾರೆ. ನಿನ್ನದನ್ನು ನಾನು ಓದಬೇಕೆಂದು ನನಗೆ ಆಸೆಯಿದೆ. ನೀನು ಬೇಡವೆಂದರೆ ಇಲ್ಲ.

“ನನ್ನನ್ನು ಕ್ಷಮಿಸು ಎಂದು ಈಗ ಕೇಳುವುದಿಲ್ಲ. ಈಗ ಬೇಕಾಗಿರುವುದು ಬೇರೆ. ‘ಈ ಪೇಪರ್ ನಾನೇ ಬರೆದದ್ದು’ ಎಂದು ನಿನ್ನ ಕೈಬರಹದಲ್ಲಿ ಒಂದು ಸಾಲು, ಕೆಳಗೆ ನಿನ್ನ ಹೆಸರು. ಅಷ್ಟೇ. ಯಾರ ಮುಂದೆಯೂ ಹೇಳಬೇಕಾಗಿಲ್ಲ. ನಾಳೆ ಹತ್ತು ಗಂಟೆಗೆ ಲಿಸ್ಟ್ ಹೋಗುತ್ತದೆ. ನಾನು ಇವತ್ತು ಸಂಜೆ ಆರರವರೆಗೆ ನಿಮ್ಮ ಗೇಟಿನ ಎದುರಿನ ಬೆಂಚಿನಲ್ಲಿರುತ್ತೇನೆ. ನೀನು ಬರಬೇಕಾಗಿಲ್ಲ, ಯಾರ ಕೈಯಲ್ಲಾದರೂ ಕಳಿಸು. ದಯವಿಟ್ಟು ಬೇಗ ಉತ್ತರ ಕೊಡು.”